ಸಣ್ಣ ಪೆಟ್ಟೂ ಕೇಳುವ ಪ್ಯಾಡ್

(ಕಲಬುರಗಿಯಲ್ಲಿ ಎಲೆಕ್ಟ್ರಾನಿಕ್ಸ್ ವಿದ್ಯಾರ್ಥಿಗಳು ಮತ್ತು ವಾದ್ಯದವರ ಮುಂದೆ ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ಶರಣು ಶರಣಾರ್ಥಿ.

ಮನೆಯಲ್ಲೇ ಎಲೆಕ್ಟ್ರಾನಿಕ್ ಡ್ರಮ್ ಪ್ಯಾಡ್ ಮಾಡೋದು ಹೇಗೆ, ಅದಕ್ಕೆ ಯಾವ ಸೆನ್ಸರ್ ಹಾಕಬೇಕು ಅನ್ನೋದು ಇವತ್ತಿನ ವಿಷಯ. ಇಲ್ಲಿ ಎಲೆಕ್ಟ್ರಾನಿಕ್ಸ್ ಓದುವವರಿದ್ದೀರಿ, ಆರ್ಕೆಸ್ಟ್ರಾದಲ್ಲಿ ಪ್ಯಾಡ್ ನುಡಿಸುವವರಿದ್ದೀರಿ, ಹಲಗೆ ಬಾರಿಸುವ ಹಿರಿಯರೂ ಬಂದಿದ್ದೀರಿ. ಹಾಗಾಗಿ ಸರ್ಕ್ಯೂಟ್ ಜೊತೆಗೆ ಕೈಯ ಮಾತೂ ಬರುತ್ತದೆ.

ಮೊದಲು ನನ್ನ ನಿಲುವು ಹೇಳಿಬಿಡುತ್ತೇನೆ. ಪ್ಯಾಡ್ ಚೆನ್ನಾಗಿದೆಯಾ ಅಂತ ನೋಡಲು ಎಲ್ಲರೂ ಜೋರಾಗಿ ಹೊಡೆಯುತ್ತಾರೆ. ಜೋರು ಪೆಟ್ಟು ಎಂಥ ಪ್ಯಾಡಿಗೂ ಕೇಳುತ್ತದೆ. ಸಣ್ಣ ಪೆಟ್ಟು ಕೇಳುತ್ತದಾ? ಅದೇ ಪರೀಕ್ಷೆ. ಸೆನ್ಸರ್, ಅದನ್ನು ಕೂರಿಸುವ ರೀತಿ, ಡಯೋಡ್, ಕೋಡ್, ಕೊನೆಗೆ ಸ್ಪೀಕರಿನಿಂದ ಬರುವ ಧ್ವನಿ, ಎಲ್ಲವನ್ನೂ ನಾನು ಈ ಒಂದೇ ಅಳತೆಯಿಂದ ನೋಡುತ್ತೇನೆ.

ಇದು ಯಾಕೆ ಅಷ್ಟು ಮುಖ್ಯ? ನಮ್ಮ ಕಡೆಯ ಹಲಗೆಯನ್ನೇ ನೋಡಿ. ಮೊಹರಂನಲ್ಲಿ ಅಲಾಯಿ ಕುಣಿ ಎಂಬ ಬೆಂಕಿಯ ಗುಂಡಿಯ ಸುತ್ತ, ಜಾತ್ರೆಯಲ್ಲಿ, ಮೆರವಣಿಗೆಯಲ್ಲಿ ಹಲಗೆ ಇಲ್ಲದೆ ಹೆಜ್ಜೆ ಬೀಳುವುದಿಲ್ಲ. ಬಾರಿಸುವವರ ಒಂದು ಕೈಯಲ್ಲಿ ದಪ್ಪ ಕೋಲು, ಇನ್ನೊಂದು ಕೈಯಲ್ಲಿ ತೆಳು ಕಡ್ಡಿ. ದೂರದವರಿಗೆ ದಪ್ಪ ಕೋಲಿನ ಪೆಟ್ಟು ಕೇಳುತ್ತದೆ. ಆದರೆ ಎರಡು ದಪ್ಪ ಪೆಟ್ಟುಗಳ ನಡುವೆ ತೆಳು ಕಡ್ಡಿ ತುಂಬುವ ಸಣ್ಣ ಸಣ್ಣ ಪೆಟ್ಟುಗಳಿಂದಲೇ ಆ ನಡೆಗೆ ಜೀವ. ಒಬ್ಬ ಹಿರಿಯ ಹಲಗೆಯವರಿಗೆ ಅಂಗಡಿಯಿಂದ ತಂದ ಪ್ಯಾಡ್ ಕೊಟ್ಟು, "ಬಾರಿಸಿ ನೋಡ್ರಿ ಕಾಕಾ" ಅಂದಿದ್ದೆ. ಸ್ವಲ್ಪ ಹೊತ್ತು ಬಾರಿಸಿ ನಿಲ್ಲಿಸಿದರು. "ಜೋರಿಂದು ಕೇಳ್ತದ. ನನ್ನ ಸಣ್ಣ ಕಡ್ಡಿ ಎಲ್ಲಿ ಹೋಯ್ತು ತಮ್ಮಾ?" ಅಂದರು. ಅವರ ಎಡಗೈಯ ಕೆಲಸವನ್ನೆಲ್ಲ ಆ ಪ್ಯಾಡ್ ನುಂಗಿಹಾಕಿತ್ತು. ನಾನು ಇವತ್ತು ಹೇಳುವುದೆಲ್ಲ ಅವರ ಆ ಪ್ರಶ್ನೆಗೆ ಉತ್ತರ ಅಂತ ತಿಳಿಯಿರಿ.

ಪಿಯೆಜೊದಿಂದ ಶುರು ಮಾಡೋಣ. ಅಗ್ಗ, ಎಲ್ಲ ಕಡೆ ಸಿಗುತ್ತದೆ, ಹೆಚ್ಚಿನ ಪ್ಯಾಡ್‌ಗಳ ಒಳಗೆ ಇರುವುದೂ ಅದೇ. ಅಲಾರಂ ಗಡಿಯಾರ, ಹಾಡುವ ಆಟಿಕೆ ಬಿಚ್ಚಿದರೆ ಹಿತ್ತಾಳೆಯ ತೆಳು ಬಿಲ್ಲೆಯೊಂದು ಸಿಗುತ್ತದಲ್ಲ, ಅದೇ. ನಮ್ಮ ಊರಿನ ಸುಪರ್ ಮಾರ್ಕೆಟ್ ಎಂಬ ಪೇಟೆಯ ಕಡೆಯ ರಿಪೇರಿ ಅಂಗಡಿಗಳಲ್ಲಿ ಬಜರ್ ಒಳಗಿನ ಬಿಲ್ಲೆ ಅಂತ ಕೇಳಿ. ಹಿತ್ತಾಳೆಯ ಮೇಲೆ ಬಿಳಿ ಸೆರಾಮಿಕ್ ಪದರ ಇರುತ್ತದೆ. ಅದರಲ್ಲಿ ಸೀಸ, ಜಿರ್ಕೋನಿಯಂ, ಟೈಟಾನಿಯಂ ಇವೆ. ವೋಲ್ಟೇಜ್ ಕೊಟ್ಟರೆ ಬಿಲ್ಲೆ ಬಾಗಿ ಸದ್ದು ಮಾಡುತ್ತದೆ. ನಾವು ಉಲ್ಟಾ ಬಳಸುತ್ತೇವೆ. ಬಿಲ್ಲೆ ಬಾಗಿದರೆ ವೋಲ್ಟೇಜ್ ಹುಟ್ಟುತ್ತದೆ. ಒತ್ತಿದರೆ ವಿದ್ಯುತ್ ಹುಟ್ಟುವ ಈ ಗುಣವನ್ನು 1880ರಲ್ಲಿ ಫ್ರಾನ್ಸಿನ ಜಾಕ್ ಕ್ಯೂರಿ ಮತ್ತು ಪಿಯೇರ್ ಕ್ಯೂರಿ ಎಂಬ ಅಣ್ಣತಮ್ಮಂದಿರು ಕ್ವಾರ್ಟ್ಸ್‌ನಂಥ ಹರಳುಗಳಲ್ಲಿ ತೋರಿಸಿಕೊಟ್ಟರು.

ಅಳತೆ ಸಾಮಾನ್ಯವಾಗಿ 27 ಮಿಲಿಮೀಟರ್ ಅಥವಾ 35 ಮಿಲಿಮೀಟರ್. ಸಣ್ಣ ಪೆಟ್ಟು ಬೇಕಾದವರು 35ರದ್ದು ತಗೊಳ್ಳಿ, ಅದು ಜಾಸ್ತಿ ಬಾಗುತ್ತದೆ. ತಂತಿ ಬೆಸುಗೆ ಆಗಿಯೇ ಬಂದದ್ದು ಸಿಕ್ಕರೆ ಇನ್ನೂ ಒಳ್ಳೆಯದು. ಬಿಳಿ ಪದರದ ಮೇಲಿನ ಬೆಳ್ಳಿ ಲೇಪ ಬಹಳ ತೆಳು. ಸೋಲ್ಡರಿಂಗ್ ಐರನ್ ಹೆಚ್ಚು ಹೊತ್ತು ಇಟ್ಟರೆ ಲೇಪ ಕಿತ್ತು ಬರುತ್ತದೆ. ಮುಟ್ಟಿಸಿ, ಬೆಸುಗೆಯ ಸೀಸ ಹರಿದ ಕೂಡಲೇ ತೆಗೆಯಿರಿ. ಬೆಸೆದ ಮೇಲೆ ತಂತಿಯನ್ನು ಪಕ್ಕದಲ್ಲೇ ಗಟ್ಟಿಯಾಗಿ ಅಂಟಿಸಿ. ಪ್ಯಾಡ್ ಕೆಟ್ಟಿತು ಅಂತ ಬರುವ ದೂರುಗಳಲ್ಲಿ ಹೆಚ್ಚಿನವು ಈ ತಂತಿ ತುಂಡಾದ ಕಥೆ.

ಈಗ ಬಿಲ್ಲೆಯನ್ನು ನೇರವಾಗಿ ಆರ್ಡುಯಿನೋ ಎಂಬ ಪುಟ್ಟ ಕಂಪ್ಯೂಟರ್ ಬೋರ್ಡಿಗೆ ಜೋಡಿಸಬಹುದಾ? ಬೇಡ. ಜೋರು ಪೆಟ್ಟಿಗೆ ಬಿಲ್ಲೆ ಹತ್ತಾರು ವೋಲ್ಟ್ ಕೊಡಬಲ್ಲದು. ಆರ್ಡುಯಿನೋದ ಊನೋ ಮಾದರಿಯ ಪಿನ್ ತಡೆಯುವುದು 5 ವೋಲ್ಟ್. ಇಎಸ್‌ಪಿ 32 ಎಂಬ ಬೋರ್ಡ್ ಆದರೆ 3.3 ವೋಲ್ಟ್ ಅಷ್ಟೇ. ಜೊತೆಗೆ ಬಿಲ್ಲೆ ಎರಡೂ ಕಡೆ ಬಾಗುತ್ತದೆ, ಹಾಗಾಗಿ ಪಾಸಿಟಿವ್ ಬರುತ್ತದೆ, ನೆಗೆಟಿವ್ ಕೂಡ ಬರುತ್ತದೆ. ಡಯೋಡ್ ಅಂದರೆ ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ; ಸುಮಾರು ಜನ ಇಲ್ಲಿ ನಾಲ್ಕು ಡಯೋಡಿನ ಬ್ರಿಡ್ಜ್ ಹಾಕಿ ಎಲ್ಲವನ್ನೂ ಪಾಸಿಟಿವ್ ಮಾಡಿಕೊಳ್ಳುತ್ತಾರೆ. ನೋಡಲು ಚೆಂದದ ಸರ್ಕ್ಯೂಟ್. ನಾನು ಮಾತ್ರ ಅದನ್ನು ಒಪ್ಪುವುದಿಲ್ಲ. ಒಂದು ಸಿಲಿಕಾನ್ ಡಯೋಡ್ ದಾಟಲು ಸುಮಾರು 0.6 ವೋಲ್ಟ್ ಬೇಕು. ಬ್ರಿಡ್ಜ್‌ನಲ್ಲಿ ಕರೆಂಟ್ ಒಂದು ಸಲಕ್ಕೆ ಎರಡು ಡಯೋಡ್ ದಾಟಬೇಕು. ಅಂದರೆ 1.2 ವೋಲ್ಟ್ ಅಲ್ಲೇ ಹೋಯಿತು. ತೆಳು ಕಡ್ಡಿಯ ಪೆಟ್ಟು ಕೊಡುವುದೇ ಅದಕ್ಕಿಂತ ಕಡಿಮೆ. ಕಾಕಾ ಕೇಳಿದ ಪ್ರಶ್ನೆಗೆ ಒಂದು ಉತ್ತರ ಇಲ್ಲೇ ಇದೆ. ಕಡ್ಡಿ ಡಯೋಡಿನಲ್ಲಿ ಹೋಯಿತು.

ಇದಕ್ಕೆ ಬೇರೆ ದಾರಿ ಇದೆ. ಕರೆಂಟಿಗೆ ತಡೆ ಒಡ್ಡುವ ರೆಸಿಸ್ಟರ್, 1 ಮೆಗಾಓಮಿನದು ಎರಡು ತಗೊಳ್ಳಿ. ಒಂದನ್ನು 5 ವೋಲ್ಟಿನಿಂದ, ಇನ್ನೊಂದನ್ನು ಗ್ರೌಂಡಿನಿಂದ ತಂದು ಒಂದು ಜಾಗದಲ್ಲಿ ಸೇರಿಸಿ. ಆ ಜಾಗ 2.5 ವೋಲ್ಟಿನಲ್ಲಿ ನಿಲ್ಲುತ್ತದೆ. ಬಿಲ್ಲೆಯ ಒಂದು ತಂತಿ ಮತ್ತು ಪಿನ್ನಿನ ತಂತಿ ಅಲ್ಲಿಗೆ, ಬಿಲ್ಲೆಯ ಇನ್ನೊಂದು ತಂತಿ ಗ್ರೌಂಡಿಗೆ. ಈಗ ಬಿಲ್ಲೆ ಮೇಲೆ ಬಾಗಿದರೂ ಕೆಳಗೆ ಬಾಗಿದರೂ ಪಿನ್ನಿಗೆ ಗೊತ್ತಾಗುತ್ತದೆ. ಊನೋ 5 ವೋಲ್ಟನ್ನು 0ಯಿಂದ 1023ರವರೆಗೆ ಅಳೆಯುತ್ತದೆ. ಒಂದು ಮೆಟ್ಟಿಲು ಅಂದರೆ ಸುಮಾರು 4.9 ಮಿಲಿವೋಲ್ಟ್. ಸುಮ್ನೆ ಇದ್ದಾಗ 512ರ ಆಸುಪಾಸು ಕಾಣುತ್ತದೆ. ಬೆರಳಿನಿಂದ ತಟ್ಟಿದರೆ 50 ಮಿಲಿವೋಲ್ಟ್ ಬಂದರೂ ಹತ್ತು ಮೆಟ್ಟಿಲಿನ ವ್ಯತ್ಯಾಸ ಸಿಗುತ್ತದೆ. ಡಯೋಡ್ ಬ್ರಿಡ್ಜ್ ಇದ್ದಿದ್ದರೆ ಸೊನ್ನೆ.

ರಕ್ಷಣೆ ಬೇಕಲ್ವಾ? ಪಿನ್ನಿಗೆ ಹೋಗುವ ದಾರಿಯಲ್ಲಿ 10 ಕಿಲೋಓಮ್ ಹಾಕಿ. ಪಿನ್ನಿನ ಹತ್ತಿರ ಎರಡು ಷಾಟ್ಕಿ ಡಯೋಡ್, ಒಂದು 5 ವೋಲ್ಟ್ ಕಡೆಗೆ, ಒಂದು ಗ್ರೌಂಡ್ ಕಡೆಗೆ. ವೋಲ್ಟೇಜ್ ಮಿತಿಯೊಳಗೆ ಇರುವಷ್ಟು ಹೊತ್ತು ಅವು ದಾರಿಗೆ ಅಡ್ಡ ಬರುವುದಿಲ್ಲ. ಮಿತಿ ಮೀರಿದಾಗ ಮಾತ್ರ ಹೆಚ್ಚುವರಿಯನ್ನು ಆ ಕಡೆ ತಳ್ಳುತ್ತವೆ. ಜೀನರ್ ಡಯೋಡ್ ಹಾಕುವವರೂ ಇದ್ದಾರೆ. ಆದರೆ 3.3 ವೋಲ್ಟಿನ ಜೀನರ್ ಮಿತಿ ಮುಟ್ಟುವ ಮುಂಚೆಯೇ ಸ್ವಲ್ಪ ಸ್ವಲ್ಪ ಸೋರಲು ಶುರು ಮಾಡುತ್ತದೆ. ಪೆಟ್ಟಿನ ಆಕಾರ ಚಪ್ಪಟೆ ಆಗುತ್ತದೆ.

ನಮ್ಮ ಊರಿನ ಬಿಸಿಲಿಗೆ ಸಂಬಂಧಿಸಿದ ಒಂದು ವಿಷಯ ಇಲ್ಲೇ ಹೇಳಿಬಿಡುತ್ತೇನೆ. ಷಾಟ್ಕಿ ಡಯೋಡ್ ಕೂಡ ಬಿಸಿಯಾದಂತೆ ಸೋರುತ್ತದೆ. 1 ಮೆಗಾಓಮಿನಂಥ ದೊಡ್ಡ ರೆಸಿಸ್ಟರ್ ಇದ್ದಾಗ ಆ ಸಣ್ಣ ಸೋರಿಕೆಯೂ 2.5 ವೋಲ್ಟನ್ನು ಆ ಕಡೆ ಈ ಕಡೆ ಎಳೆಯುತ್ತದೆ. ಮೇ ತಿಂಗಳಲ್ಲಿ ತಗಡಿನ ಶೆಡ್ಡಿನೊಳಗೆ ಬೆಳಿಗ್ಗೆ 512 ಇದ್ದದ್ದು ಮಧ್ಯಾಹ್ನ ಅಲ್ಲೇ ಇರುತ್ತದೆ ಅಂತ ನಂಬಬೇಡಿ. ಕೋಡಿನಲ್ಲಿ 512 ಅಂತ ಬರೆದುಕೊಳ್ಳುವ ಬದಲು, ಪೆಟ್ಟು ಇಲ್ಲದಾಗ ಪಿನ್ ಎಷ್ಟು ತೋರಿಸುತ್ತದೆ ಅಂತ ನಿಧಾನವಾಗಿ ಸರಾಸರಿ ತೆಗೆಯುತ್ತಾ ಇರಿ. ಪೆಟ್ಟನ್ನು ಆ ಸರಾಸರಿಯಿಂದ ಅಳೆಯಿರಿ. ಬಿಸಿಲು ಇನ್ನೊಂದು ಕಡೆಯೂ ಕೆಡಿಸುತ್ತದೆ. ಗ್ಲೂ ಗನ್ನಿನ ಅಂಟು ಬಿಸಿಗೆ ಮೆತ್ತಗಾಗುತ್ತದೆ. ಮುಚ್ಚಿದ ಗಾಡಿಯಲ್ಲಿ ಪ್ಯಾಡ್ ಇಟ್ಟು ಜಾತ್ರೆಗೆ ಹೊರಟರೆ ಬಿಲ್ಲೆ ಜಾರಿ ಕೂತಿರುತ್ತದೆ. ಬಿಲ್ಲೆಗೆ ಎರಡು ಮುಖದ ಫೋಮ್ ಟೇಪ್, ತಂತಿಗೆ ಎರಡು ಟ್ಯೂಬ್ ಬೆರೆಸುವ ಎಪಾಕ್ಸಿ. ಇದು ನಮ್ಮ ಕಡೆಗೆ ಸರಿ.

ಇನ್ನು ಬಿಲ್ಲೆ ಎಲ್ಲಿ ಕೂರಬೇಕು ಅನ್ನೋದು. ನನ್ನ ಲೆಕ್ಕದಲ್ಲಿ ಸರ್ಕ್ಯೂಟಿಗಿಂತ ಇದೇ ದೊಡ್ಡದು. ಪ್ಲೈವುಡ್ ಮೇಲೆ ಬಿಲ್ಲೆ ಅಂಟಿಸಿ, ಮೇಲೆ ರಬ್ಬರ್ ಹಾಕಿದರೆ ಏನಾಗುತ್ತದೆ? ಬಿಲ್ಲೆಯ ನೇರ ಮೇಲೆ ಹೊಡೆದರೆ ಗುಡುಗು, ಎರಡು ಇಂಚು ಆಚೆ ಹೊಡೆದರೆ ಪಿಸುಮಾತು. ಕೈಗೆ ಪ್ಯಾಡ್ ಮೇಲೆ ನಂಬಿಕೆ ಹೋಗುತ್ತದೆ. ಅದಕ್ಕೆ ನಡುವೆ ಒಂದು ತಗಡು ಬೇಕು. ಕೆಳಗಿನಿಂದ ಮೇಲಕ್ಕೆ ಹೇಳುತ್ತೇನೆ. ಮೊದಲು ಪ್ಲೈವುಡ್. ಅದರ ಮೇಲೆ ಮೆತ್ತನೆ ಫೋಮ್. ಅದರ ಮೇಲೆ ಅಲ್ಯೂಮಿನಿಯಂ ತಗಡು, ತಗಡಿನ ಕೆಳಮೈಗೆ ಬಿಲ್ಲೆ. ಬಿಲ್ಲೆ ಇರುವಷ್ಟು ಜಾಗದಲ್ಲಿ ಫೋಮ್ ಕತ್ತರಿಸಿ ತೆಗೆಯಿರಿ. ಬಿಲ್ಲೆ ಬಾಗಲು ಜಾಗ ಬೇಕು, ಅದು ಒತ್ತಿಕೊಂಡು ಕೂರಬಾರದು. ಎಲ್ಲಕ್ಕಿಂತ ಮೇಲೆ ರಬ್ಬರ್. ಹಳೆ ಲಾರಿ ಟ್ಯೂಬ್ ಕತ್ತರಿಸಿ ಹಾಕಿದರೂ ನಡೆಯುತ್ತದೆ, ಯೋಗ ಮ್ಯಾಟ್ ತುಂಡೂ ನಡೆಯುತ್ತದೆ. ಎಲ್ಲಿ ಹೊಡೆದರೂ ಇಡೀ ತಗಡು ನಡುಗುತ್ತದೆ. ಅಂಚಿನ ಪೆಟ್ಟಿಗೂ ಬೆಲೆ ಬರುತ್ತದೆ.

ಕೋಲು ಪುಟಿಯಬೇಕು, ಸದ್ದು ಕಡಿಮೆ ಇರಬೇಕು ಅನ್ನುವವರಿಗೆ ಜಾಲರಿ ಒಳ್ಳೆಯದು. ಇದರ ಹಿಂದೆ ಒಂದು ಚರಿತ್ರೆ ಇದೆ. 1981ರಲ್ಲಿ ಬ್ರಿಟನ್ನಿನ ಸಿಮ್ಮನ್ಸ್ ಕಂಪನಿ ಎಸ್‌ಡಿಎಸ್-5 ಅನ್ನುವ ಎಲೆಕ್ಟ್ರಾನಿಕ್ ಡ್ರಮ್ ತಂದಿತು. ಆರು ಮೂಲೆಯ ಪ್ಯಾಡ್‌ಗಳು, ನೋಡಲು ಬಹಳ ಸೊಗಸು. ಆದರೆ ಮೇಲ್ಮೈ ಗಟ್ಟಿ ಪಾಲಿಕಾರ್ಬೊನೇಟ್. ಬಾರಿಸಿದವರ ಮಣಿಕಟ್ಟು ನೋಯುತ್ತಿತ್ತು. 1985ರಲ್ಲಿ ರೋಲ್ಯಾಂಡ್ ಕಂಪನಿಯ ಮೊದಲ ಆಕ್ಟೋಪ್ಯಾಡ್ ಬಂತು. ಒಂದೇ ಪೆಟ್ಟಿಗೆಯಲ್ಲಿ ಎಂಟು ಪ್ಯಾಡ್. ಇವತ್ತು ನಮ್ಮ ಆರ್ಕೆಸ್ಟ್ರಾಗಳಲ್ಲಿ ಪ್ಯಾಡ್ ಅಂದರೆ ಕಣ್ಣ ಮುಂದೆ ಬರುವುದು ಆ ವಂಶದ್ದೇ. ಅದೇ ಕಂಪನಿ 1997ರಲ್ಲಿ ಟಿಡಿ-10 ಜೊತೆ ಜಾಲರಿ ಹೊದಿಕೆಯ ಪ್ಯಾಡ್ ತಂದಿತು. ಜಾಲರಿಯನ್ನು ಡ್ರಮ್ ಚರ್ಮದಂತೆ ಬಿಗಿ ಮಾಡಬಹುದು, ಗಾಳಿ ತೂರಿಹೋಗುವುದರಿಂದ ಸದ್ದು ಕಡಿಮೆ. ಕೈಗೆ ಆರಾಮ ಸಿಕ್ಕಾಗ ಬಾರಿಸುವವನು ಸಣ್ಣ ಪೆಟ್ಟು ಹಾಕುವ ಧೈರ್ಯ ಮಾಡುತ್ತಾನೆ. ಅದಕ್ಕೇ ಆ ಬದಲಾವಣೆಯನ್ನು ನಾನು ಬಹಳ ದೊಡ್ಡದು ಅನ್ನುತ್ತೇನೆ.

ನಮಗೆ ಅಂಥ ಹೊದಿಕೆ ಕೊಳ್ಳಲು ಆಗದಿದ್ದರೆ ಹಾರ್ಡ್‌ವೇರ್ ಅಂಗಡಿಯಲ್ಲಿ ಕಿಟಕಿಗೆ ಹಾಕುವ ಫೈಬರ್ ಸೊಳ್ಳೆ ಜಾಲರಿ ಸಿಗುತ್ತದೆ. ಎರಡು ಪದರ ತಗೊಂಡು, ಒಂದನ್ನು 45 ಡಿಗ್ರಿ ತಿರುಗಿಸಿ ಮೇಲಿಡಿ. ಹಳೆ ಡ್ರಮ್ಮಿನ ಬಳೆಗೆ ಬಿಗಿಯಿರಿ. ಕೆಳಗೆ ಅಡ್ಡಪಟ್ಟಿ, ಅದರ ಮೇಲೆ ಬಿಲ್ಲೆ, ಬಿಲ್ಲೆಯ ಮೇಲೆ ಶಂಕುವಿನ ಆಕಾರದ ಫೋಮ್. ಫೋಮಿನ ತುದಿ ಜಾಲರಿಗೆ ಸ್ವಲ್ಪವೇ ಒತ್ತಬೇಕು. ಇದರಲ್ಲಿ ನಡು ಮಧ್ಯ ಹೊಡೆದಾಗ ಸದ್ದು ಜಾಸ್ತಿ ಆಗುವ ಗುಣ ಇದೆ. ಫೋಮನ್ನು ನಡುವಿನಿಂದ ಅಂಚಿಗೆ ಸರಿಸಿದರೆ ಆ ಸಮಸ್ಯೆ ಕಡಿಮೆ ಆಗುತ್ತದೆ.

ಪಿಯೆಜೊಗೆ ಒಂದು ದೊಡ್ಡ ದೋಷ ಇದೆ. ಅದಕ್ಕೆ ಪೆಟ್ಟು ಯಾವುದು, ಪಕ್ಕದ ಮನೆಯ ನಡುಕ ಯಾವುದು ಗೊತ್ತಾಗುವುದಿಲ್ಲ. ಒಂದೇ ಸ್ಟ್ಯಾಂಡಿನಲ್ಲಿ ನಾಲ್ಕು ಪ್ಯಾಡ್ ಇದ್ದರೆ ಒಂದಕ್ಕೆ ಹೊಡೆದಾಗ ಉಳಿದ ಮೂರೂ ಸಣ್ಣಗೆ ನಡುಗುತ್ತವೆ. ನಮ್ಮ ಮನೆಗಳಲ್ಲಿ ಶಹಾಬಾದ್ ಫರಸಿ. ಗಟ್ಟಿ ಕಲ್ಲಿನ ನೆಲ. ಕಾಲಿನಿಂದ ಬಾರಿಸುವ ಕಿಕ್ ಪ್ಯಾಡಿನ ಪೆಟ್ಟು ಅಲ್ಲಿಂದ ಸ್ಟ್ಯಾಂಡಿನ ಕಾಲಿಗೆ ಸಲೀಸಾಗಿ ಹೋಗುತ್ತದೆ. ಜಾರುತ್ತದೆ ಕೂಡ. ಕೆಳಗೆ ದಪ್ಪ ರಬ್ಬರ್ ಹಾಸಿ, ಪ್ರತಿ ಪ್ಯಾಡ್ ಮತ್ತು ಸ್ಟ್ಯಾಂಡಿನ ನಡುವೆ ರಬ್ಬರ್ ವಾಷರ್ ಕೊಡಿ. ಉಳಿದದ್ದನ್ನು ಕೋಡ್ ನೋಡಿಕೊಳ್ಳುತ್ತದೆ. ಒಂದು ಪ್ಯಾಡಿನಲ್ಲಿ ದೊಡ್ಡ ಪೆಟ್ಟು ಬಂದ ಕೆಲವೇ ಮಿಲಿಸೆಕೆಂಡಿನೊಳಗೆ ಪಕ್ಕದ್ದರಲ್ಲಿ ಬಂದ ಬಹಳ ಸಣ್ಣ ಪೆಟ್ಟನ್ನು ಬಿಟ್ಟುಬಿಡು ಅಂತ ಬರೆಯಬಹುದು. ಇಲ್ಲಿ ಎಚ್ಚರ ಬೇಕು. ಈ ನಿಯಮ ಜಾಸ್ತಿ ಬಿಗಿ ಆದರೆ ಅದು ತಿನ್ನುವುದು ಮತ್ತೆ ತೆಳು ಕಡ್ಡಿಯನ್ನೇ. ಮೊದಲು ರಬ್ಬರಿನಿಂದ ಎಷ್ಟಾಗುತ್ತದೋ ಅಷ್ಟು ಮಾಡಿ, ಆಮೇಲೆ ಕೋಡ್. ಹಾಗೆಯೇ ಬಿಲ್ಲೆಯಿಂದ ಬರುವ ತಂತಿ ಮೈಕಿನ ಶೀಲ್ಡ್ ವೈರ್ ಆಗಿರಲಿ. ಸಾದಾ ವೈರು ಮನೆಯ ಲೈನಿನ 50 ಹರ್ಟ್ಸ್ ಗುಂಯ್ ಎಂಬ ಸದ್ದನ್ನು ಹಿಡಿದು ತರುತ್ತದೆ. ಆ ಸದ್ದು ಜಾಸ್ತಿ ಇದ್ದಷ್ಟೂ ಸಣ್ಣ ಪೆಟ್ಟು ಅದರೊಳಗೆ ಮುಳುಗುತ್ತದೆ.

ಈಗ ಕೋಡಿಗೆ ಬರೋಣ. ಹಲಗೆಯವರು ಸ್ವಲ್ಪ ತಾಳ್ಮೆ ತಗೊಳ್ಳಿ, ಇದರಲ್ಲಿ ನಿಮ್ಮ ಕೈಯ ವೇಗದ ಲೆಕ್ಕ ಇದೆ. ಪೆಟ್ಟು ಬಿದ್ದಾಗ ವೋಲ್ಟೇಜ್ ಒಮ್ಮೆಲೇ ತುದಿಗೆ ಹೋಗುವುದಿಲ್ಲ. ಒಂದೆರಡು ಮಿಲಿಸೆಕೆಂಡಿನಲ್ಲಿ ಏರುತ್ತದೆ, ಆಮೇಲೆ ಹತ್ತಾರು ಮಿಲಿಸೆಕೆಂಡ್ ನಡುಗುತ್ತಾ ಇಳಿಯುತ್ತದೆ. ಇಷ್ಟು ಮೀರಿದರೆ ಪೆಟ್ಟು ಅಂತ ನಾವು ಕೋಡಿನಲ್ಲಿ ಇಟ್ಟ ಹೊಸ್ತಿಲು ದಾಟಿದ ಕೂಡಲೇ ಮಾಹಿತಿ ಕಳಿಸಿದರೆ ಎಲ್ಲ ಪೆಟ್ಟೂ ಒಂದೇ ತೂಕದ್ದು ಅನಿಸುತ್ತದೆ. ಸುಮಾರು 2 ಮಿಲಿಸೆಕೆಂಡ್ ಕಾದು, ಅಷ್ಟರಲ್ಲಿ ಬಂದ ದೊಡ್ಡ ಅಂಕಿ ಹಿಡಿಯಬೇಕು. ಊನೋ ಒಂದು ಸಲ ಓದಲು ಸುಮಾರು 0.1 ಮಿಲಿಸೆಕೆಂಡ್ ತಗೊಳ್ಳುತ್ತದೆ. ನಾಲ್ಕು ಪ್ಯಾಡ್ ಇದ್ದರೂ 2 ಮಿಲಿಸೆಕೆಂಡಿನಲ್ಲಿ ಒಂದೊಂದನ್ನು ನಾಲ್ಕೈದು ಸಲ ನೋಡಬಹುದು. ಕಾಯುವುದು ತಡ ಆಗುವುದಿಲ್ಲವಾ ಅಂತ ಕೇಳಬಹುದು. ಪೆಟ್ಟಿನಿಂದ ಸದ್ದಿನವರೆಗೆ ಒಟ್ಟು 10 ಮಿಲಿಸೆಕೆಂಡ್ ಒಳಗಿದ್ದರೆ ಹೆಚ್ಚಿನವರ ಕೈಗೆ ಗೊತ್ತಾಗುವುದಿಲ್ಲ. ಗಾಳಿಯಲ್ಲಿ ಸದ್ದು 10 ಮಿಲಿಸೆಕೆಂಡಿನಲ್ಲಿ 3 ಮೀಟರಿಗೂ ಸ್ವಲ್ಪ ಜಾಸ್ತಿ ಹೋಗುತ್ತದೆ. ಅಷ್ಟು ದೂರದ ಸ್ಪೀಕರ್ ಇಟ್ಟುಕೊಂಡು ನಾವು ದಿನಾ ಬಾರಿಸುತ್ತೇವೆ.

ನಿಜವಾದ ಕಷ್ಟ ನಡುಕ ಇಳಿಯುವ ಹೊತ್ತಿನಲ್ಲಿ ಇದೆ. ಒಂದೇ ಪೆಟ್ಟನ್ನು ಎರಡು ಮೂರು ಅಂತ ಎಣಿಸಬಾರದು. ಅದಕ್ಕೆ ಪೆಟ್ಟು ಬಂದ ಮೇಲೆ 50 ಮಿಲಿಸೆಕೆಂಡ್ ಕಿವಿ ಮುಚ್ಚಿಕೊ ಅಂತ ಬರೆಯುವುದು ರೂಢಿ. ಇದರಿಂದ ಹಲಗೆಗೆ ಅನ್ಯಾಯ ಆಗುತ್ತದೆ. ಕಡ್ಡಿ ಮತ್ತು ಕೋಲು ಒಂದರ ಹಿಂದೆ ಒಂದು 30 ಮಿಲಿಸೆಕೆಂಡ್ ಅಂತರದಲ್ಲೂ ಬೀಳಬಹುದು. ಎರಡನೆಯದು ಮಾಯ. ನಾನು ಹೇಳುವ ದಾರಿ ಇದು. ಪೂರ್ತಿ ಕಿವಿ ಮುಚ್ಚುವುದು ಕೆಲವೇ ಮಿಲಿಸೆಕೆಂಡ್ ಇರಲಿ. ಆಮೇಲೆ ಹೊಸ್ತಿಲನ್ನು ಮೊದಲ ಪೆಟ್ಟಿನ ಎತ್ತರಕ್ಕೆ ಏರಿಸಿ, ನಡುಕ ಇಳಿಯುವ ವೇಗದಲ್ಲೇ ಅದನ್ನೂ ಇಳಿಸುತ್ತಾ ಬನ್ನಿ. ನಡುಕ ಹೊಸ್ತಿಲಿನ ಕೆಳಗೇ ಉಳಿಯುತ್ತದೆ. ಹೊಸ ಪೆಟ್ಟು ಬಂದರೆ ಅದನ್ನು ದಾಟಿ ಮೇಲೆ ಬರುತ್ತದೆ. ನಡುಕ ಬೇಗ ಇಳಿದಷ್ಟೂ ಇದು ಚೆನ್ನಾಗಿ ನಡೆಯುತ್ತದೆ. ಇಲ್ಲಿ ರೆಸಿಸ್ಟರ್ ನೆನಪಿಸಿಕೊಳ್ಳಿ. 27 ಮಿಲಿಮೀಟರಿನ ಬಿಲ್ಲೆಗೆ ಸುಮಾರು 20 ನ್ಯಾನೋಫ್ಯಾರಡ್ ಕೆಪಾಸಿಟನ್ಸ್, ಅಂದರೆ ಚಾರ್ಜ್ ಹಿಡಿದಿಡುವ ಶಕ್ತಿ, ಇರುತ್ತದೆ. ನಮ್ಮ ಎರಡು ರೆಸಿಸ್ಟರ್ ಸೇರಿ ಅದಕ್ಕೆ 500 ಕಿಲೋಓಮ್ ಆಗಿ ಕಾಣುತ್ತವೆ. ಗುಣಿಸಿದರೆ 10 ಮಿಲಿಸೆಕೆಂಡ್. ಬಿಲ್ಲೆಯಲ್ಲಿ ಉಳಿದ ಚಾರ್ಜ್ ಆ ವೇಗದಲ್ಲಿ ಇಳಿಯುತ್ತದೆ. ರೆಸಿಸ್ಟರ್ ಕಡಿಮೆ ಮಾಡಿದರೆ ಇನ್ನೂ ಬೇಗ ಇಳಿಯುತ್ತದೆ, ಆದರೆ ಸಣ್ಣ ಪೆಟ್ಟಿನ ವೋಲ್ಟೇಜ್ ಕೂಡ ತಗ್ಗುತ್ತದೆ. ತಗಡಿನ ನಡುಕವನ್ನು ಮಾತ್ರ ರೆಸಿಸ್ಟರ್ ತಡೆಯಲಾರದು, ಅದಕ್ಕೆ ಫೋಮೇ ಬೇಕು.

ಕಂಪ್ಯೂಟರಿಗೆ ಕಳಿಸುವುದು ಮಿಡಿ ಭಾಷೆಯಲ್ಲಿ, ಎಲೆಕ್ಟ್ರಾನಿಕ್ ವಾದ್ಯಗಳು ಮತ್ತು ಕಂಪ್ಯೂಟರ್ ಮಾತಾಡಿಕೊಳ್ಳುವ ಭಾಷೆ ಅದು. 1983ರಲ್ಲಿ ಬಂದದ್ದು, ಇವತ್ತಿಗೂ ಅದೇ ನಡೆಯುತ್ತಿದೆ. ಪೆಟ್ಟಿನ ತೂಕಕ್ಕೆ 1ರಿಂದ 127ರವರೆಗೆ ಅಂಕಿ. ಕಿಕ್ ಡ್ರಮ್ಮಿಗೆ 36, ಸ್ನೇರಿಗೆ 38 ಎಂಬ ನೋಟ್ ಸಂಖ್ಯೆ. ಆರ್ಡುಯಿನೋ ಲಿಯೊನಾರ್ಡೊ ಅಥವಾ ಪ್ರೊ ಮೈಕ್ರೊ ತಗೊಂಡರೆ ಯುಎಸ್‌ಬಿಯಲ್ಲೇ ನೇರವಾಗಿ ಮಿಡಿ ಸಾಧನವಾಗಿ ಕಾಣುತ್ತದೆ, ನಡುವೆ ಬೇರೆ ಸಾಫ್ಟ್‌ವೇರ್ ಬೇಡ. ವೋಲ್ಟೇಜನ್ನು 127ಕ್ಕೆ ನೇರ ಗೆರೆಯಲ್ಲಿ ಹೊಂದಿಸಬೇಡಿ. ವರ್ಗಮೂಲದ ಗೆರೆ ಬಳಸಿ. ಪೂರ್ತಿ ವೋಲ್ಟೇಜಿನ ನೂರರಲ್ಲಿ ನಾಲ್ಕು ಪಾಲು ಬಂದರೆ ನೇರ ಗೆರೆಯಲ್ಲಿ 5 ಸಿಗುತ್ತದೆ, ವರ್ಗಮೂಲದಲ್ಲಿ 25. ಅಷ್ಟು ಸಾಕು, ಕಡ್ಡಿ ಕೇಳಿಸುತ್ತದೆ.

ಪಿಯೆಜೊ ಬಿಟ್ಟು ಬೇರೆ ಸೆನ್ಸರ್‌ಗಳಲ್ಲಿ ನನಗೆ ಬಹಳ ಇಷ್ಟವಾದದ್ದು ಎಫ್‌ಎಸ್‌ಆರ್. ಒತ್ತಿದರೆ ರೆಸಿಸ್ಟೆನ್ಸ್ ಕಡಿಮೆ ಆಗುವ ತೆಳು ಹಾಳೆ. ಸುಮ್ನೆ ಇದ್ದಾಗ ಮೆಗಾಓಮಿಗೂ ಮೇಲೆ, ಗಟ್ಟಿಯಾಗಿ ಒತ್ತಿದರೆ ಕೆಲವೇ ಕಿಲೋಓಮ್ ಅಥವಾ ಇನ್ನೂ ಕಡಿಮೆ. 10 ಕಿಲೋಓಮಿನ ಒಂದು ರೆಸಿಸ್ಟರ್ ಜೊತೆ ಹಾಕಿದರೆ ಆಯಿತು, ಡಯೋಡಿನ ಗೋಜೇ ಇಲ್ಲ. ಸ್ಟ್ಯಾಂಡ್ ನಡುಗಿದರೂ ಅದಕ್ಕೆ ಲೆಕ್ಕವಿಲ್ಲ, ತನ್ನ ಮೇಲೆ ಒತ್ತಡ ಬಿದ್ದರೆ ಮಾತ್ರ ಮಾತಾಡುತ್ತದೆ. ಇನ್ನೊಂದು ದೊಡ್ಡ ಗುಣ, ಒತ್ತಿ ಹಿಡಿದಷ್ಟು ಹೊತ್ತೂ ಅದಕ್ಕೆ ಗೊತ್ತಾಗುತ್ತದೆ. ಪಿಯೆಜೊಗೆ ಬದಲಾವಣೆ ಮಾತ್ರ ಗೊತ್ತು. ಭಜನೆಯಲ್ಲಿ ಡಗ್ಗಾ, ಅಂದರೆ ತಬಲಾ ಜೋಡಿಯ ದೊಡ್ಡದು, ಬಾರಿಸುವವರು ಅಂಗೈಯ ಹಿಂಭಾಗ ಒತ್ತಿ, ಸರಿಸಿ, ಧ್ವನಿಯನ್ನು ಗುಂ ಅಂತ ಏರಿಸುತ್ತಾರಲ್ಲ, ಆ ಕೆಲಸ ಪಿಯೆಜೊದಿಂದ ಆಗದು. ಪೆಟ್ಟಿಗೆ ಪಿಯೆಜೊ, ಅಂಗೈ ಕೂರುವ ಜಾಗಕ್ಕೆ ಎಫ್‌ಎಸ್‌ಆರ್, ಅದರ ಅಂಕಿಯನ್ನು ಮಿಡಿಯಲ್ಲಿ ಶ್ರುತಿ ಏರಿಳಿಸುವ ಪಿಚ್ ಬೆಂಡಿಗೆ ಜೋಡಿಸಿ. ಹಾಡಿನ ಹಿಂದೆ ಡಗ್ಗಾ ಉಸಿರಾಡುವುದನ್ನು ಮನೆಯಲ್ಲಿ ಮಾಡಿದ ಪ್ಯಾಡಿನಲ್ಲಿ ತರಬಹುದು. ಯಾರಾದರೂ ವಿದ್ಯಾರ್ಥಿಗಳು ಇದನ್ನು ಪ್ರಾಜೆಕ್ಟಾಗಿ ತಗೊಳ್ಳಲೇಬೇಕು ಅಂತ ನನ್ನ ಆಸೆ.

ಎಫ್‌ಎಸ್‌ಆರ್ ಬೆಲೆ ಬಿಲ್ಲೆಗಿಂತ ಎಷ್ಟೋ ಜಾಸ್ತಿ. ಬಹಳ ಮೆಲ್ಲನೆ ಪೆಟ್ಟಿಗೆ ಅದು ಏಳುವುದೂ ಇಲ್ಲ. ಬೆಲೆ ಹೊರೆಯಾದರೆ ವೆಲೋಸ್ಟ್ಯಾಟ್ ಎಂಬ ಕಪ್ಪು ಹಾಳೆ ಸಿಗುತ್ತದೆ, ಇಂಗಾಲ ಬೆರೆತ ಪ್ಲಾಸ್ಟಿಕ್. ಎರಡು ತಾಮ್ರದ ಟೇಪಿನ ನಡುವೆ ಅದನ್ನಿಟ್ಟರೆ ನೀವೇ ಮಾಡಿದ ಒತ್ತಡದ ಸೆನ್ಸರ್. ಅಂಗಡಿಯವರು ಐಸಿ ಚಿಪ್ಪುಗಳನ್ನು ಚುಚ್ಚಿ ಕಳಿಸುವ ಕಪ್ಪು ಸ್ಪಂಜ್ ಕೂಡ ಹೀಗೇ ಕೆಲಸ ಮಾಡುತ್ತದೆ. ಒತ್ತಿ ಬಿಟ್ಟ ಮೇಲೆ ಮೊದಲಿನ ಅಂಕಿಗೆ ನಿಧಾನವಾಗಿ ಬರುತ್ತವೆ ಇವು. ಅಂಗೈಗೆ ಸಾಕು, ಕಡ್ಡಿಗೆ ಸಾಲದು.

ತೊಗರಿಯ ಊರಿನಲ್ಲಿ ತೂಕದ ಯಂತ್ರಕ್ಕೆ ಬರ ಇಲ್ಲ. ಅದರೊಳಗಿನ ಲೋಡ್ ಸೆಲ್ ಹಾಕಬಹುದಾ ಅಂತ ಹುಡುಗರು ಕೇಳುತ್ತಾರೆ. ಒಳ್ಳೆ ಪ್ರಶ್ನೆ. ಲೋಡ್ ಸೆಲ್ ಕೆಟ್ಟದ್ದಲ್ಲ, ಅದರ ಜೊತೆ ಸಿಗುವ ಎಚ್‌ಎಕ್ಸ್ 711 ಚಿಪ್ ಸೆಕೆಂಡಿಗೆ 10 ಅಥವಾ 80 ಸಲ ಮಾತ್ರ ಓದುತ್ತದೆ. 80 ಸಲ ಅಂದರೂ ಎರಡು ಓದಿನ ನಡುವೆ 12.5 ಮಿಲಿಸೆಕೆಂಡ್. ಪೆಟ್ಟಿನ ತುದಿ ಅಷ್ಟರೊಳಗೆ ಬಂದು ಹೋಗಿರುತ್ತದೆ. ಮುಟ್ಟಿದರೆ ತಿಳಿಯುವ ಟಚ್ ಸೆನ್ಸರಿಗೆ ಪೆಟ್ಟಿನ ತೂಕ ಗೊತ್ತಾಗದು, ಕೋಲು ಗೊತ್ತೇ ಆಗದು. ಮೈಕ್ ಎಲ್ಲರ ಸದ್ದನ್ನೂ ಕೇಳುತ್ತದೆ. ಈ ಮೂರನ್ನೂ ಬಿಡಿ.

ಹೈ-ಹ್ಯಾಟ್ ಅಂದರೆ ಕಾಲಿನಿಂದ ತೆರೆದು ಮುಚ್ಚುವ ತಾಳದ ಜೋಡಿ. ಅದರ ಪೆಡಲಿಗೆ ಪೆಟ್ಟು ಬೇಕಾಗಿಲ್ಲ, ಕಾಲು ಎಷ್ಟು ಕೆಳಗೆ ಹೋಯಿತು ಅನ್ನುವುದು ಬೇಕು. ಎಲ್‌ಇಡಿ ಮತ್ತು ಎಲ್‌ಡಿಆರ್ ಡಬ್ಬಿಯೊಳಗೆ ಹಾಕಿ ಮಾಡಬಹುದು. ಎಲ್‌ಡಿಆರ್ ಬೆಳಕಿಗೆ ತಕ್ಕಂತೆ ರೆಸಿಸ್ಟೆನ್ಸ್ ಬದಲಿಸುವ ಸೆನ್ಸರ್, ನಿಧಾನದ್ದು, ಆದರೂ ಕಾಲಿಗೆ ಸಾಕು. ಬಯಲಲ್ಲಿ ಬಾರಿಸುವವರಿಗೆ ಬೆಳಕಿನ ಸೆನ್ಸರ್ ಬೇಡ ಅನ್ನುತ್ತೇನೆ. ನಮ್ಮ ಹಗಲಿನ ಬಿಸಿಲು ಸಂದಿಯಲ್ಲಿ ನುಗ್ಗಿದರೆ ಸಾಕು, ಇನ್‌ಫ್ರಾರೆಡ್ ಸೆನ್ಸರ್ ಕುರುಡಾಗುತ್ತದೆ. ಅಯಸ್ಕಾಂತದ ಬಲವನ್ನು ಗುರುತಿಸುವ ಹಾಲ್ ಸೆನ್ಸರ್ ಮತ್ತು ಒಂದು ಸಣ್ಣ ಅಯಸ್ಕಾಂತ ಹಾಕಿ. ಅಂಗಡಿಯಲ್ಲಿ 49ಇ ಅಂತ ಕೇಳಿ. 3144 ಕೊಟ್ಟರೆ ಬೇಡ ಅನ್ನಿ, ಅದು ಬರೀ ಇದೆ-ಇಲ್ಲ ಅಂತ ಹೇಳುವ ಸ್ವಿಚ್. 49ಇ ಅಯಸ್ಕಾಂತ ಹತ್ತಿರ ಬಂದಂತೆಲ್ಲ ವೋಲ್ಟೇಜ್ ಬದಲಿಸುತ್ತದೆ. ಅರ್ಧ ತೆರೆದ ಹೈ-ಹ್ಯಾಟ್ ಧ್ವನಿ ಬೇಕಾದರೆ ಅದೇ ಬೇಕು.

ಕೊನೆಯದಾಗಿ ಧ್ವನಿ. ಪ್ಯಾಡ್ ಎಷ್ಟೇ ಸೂಕ್ಷ್ಮವಾಗಿರಲಿ, ಒಳಗೆ ಒಂದೇ ಧ್ವನಿ ಇಟ್ಟು ಅದನ್ನೇ ಜೋರು-ಮೆಲ್ಲ ಮಾಡಿದರೆ ಪ್ರಯೋಜನವಿಲ್ಲ. ಹಲಗೆಯನ್ನು ಮೆಲ್ಲಗೆ ಬಾರಿಸಿದಾಗ ಸದ್ದು ಕಡಿಮೆ ಆಗುವುದಷ್ಟೇ ಅಲ್ಲ, ಅದರ ಬಣ್ಣವೇ ಬೇರೆ. ಅದಕ್ಕೆ ಹಲವು ತೂಕದ ಪೆಟ್ಟುಗಳನ್ನು ಬೇರೆ ಬೇರೆ ಮುದ್ರಿಸಬೇಕು. ಕಡ್ಡಿಯದು ಬೇರೆ, ಕೋಲಿನದು ಬೇರೆ. ಒಂದೊಂದು ತೂಕಕ್ಕೂ ಮೂರು ನಾಲ್ಕು ಪೆಟ್ಟು ಇಟ್ಟು ಸರದಿಯಲ್ಲಿ ಬರುವಂತೆ ಮಾಡಿದರೆ ಒಂದೇ ಪೆಟ್ಟು ಯಂತ್ರದಂತೆ ಮರುಕಳಿಸುವುದಿಲ್ಲ. ಹೈಡ್ರೋಜನ್ ಎಂಬ ಉಚಿತ ಸಾಫ್ಟ್‌ವೇರಿನಲ್ಲಿ ತೂಕಕ್ಕೆ ತಕ್ಕ ಪದರಗಳನ್ನು ಜೋಡಿಸಬಹುದು. ಮುದ್ರಿಸುವ ಮುಂಚೆ ಹಲಗೆಯನ್ನು ಬೆಂಕಿಗೆ ಕಾಯಿಸಿಕೊಳ್ಳಲು ಅವರಿಗೆ ಸಮಯ ಕೊಡಿ. ಚರ್ಮದ ತೇವ ಹೋಗಿ ಬಿಗಿ ಬಂದ ಮೇಲೆಯೇ ಅದರ ನಿಜವಾದ ಕಂಠ. ನಡುವೆ ಸಡಿಲಾದರೆ ನಿಲ್ಲಿಸಿ, ಮತ್ತೆ ಕಾಯಿಸಲಿ.

ಇದನ್ನು ಒತ್ತಿ ಹೇಳಬೇಕು. ಹಲಗೆಯನ್ನು ತಲೆಮಾರುಗಳಿಂದ ಕಾಪಾಡಿಕೊಂಡು ಬಂದವರು ನಮ್ಮ ಊರುಗಳ ದಲಿತ ಮನೆಗಳವರು. ಅವರ ಪೆಟ್ಟನ್ನು ಫೋನಿನಲ್ಲಿ ಹಿಡಿದುಕೊಂಡು ಬಂದು, ಪ್ಯಾಡಿಗೆ ತುಂಬಿ, ಮದುವೆಗೆ ಅವರನ್ನೇ ಕರೆಯದಂತೆ ಮಾಡಿದರೆ ಅದು ಕಳ್ಳತನ. ಒಪ್ಪಿಗೆ ಕೇಳಿ. ಮುದ್ರಿಸುವ ದಿನದ ಸಂಭಾವನೆ ಕೊಡಿ. ಧ್ವನಿಯ ಕಡತದ ಜೊತೆ ಬಾರಿಸಿದವರ ಹೆಸರು, ಊರು ಬರೆಯಿರಿ. ಆ ಧ್ವನಿಯಿಂದ ದುಡ್ಡು ಬಂದರೆ ಪಾಲು ಕೊಡಿ. ಪ್ಯಾಡನ್ನು ಅವರ ಮಕ್ಕಳ ಕೈಗೂ ಕೊಡಿ. ಬಾಡಿಗೆ ಮನೆಯಲ್ಲಿ ರಾತ್ರಿ ಹಲಗೆ ಬಾರಿಸಲು ಯಾರು ಬಿಡುತ್ತಾರೆ? ಜಾಲರಿ ಪ್ಯಾಡ್ ಮತ್ತು ಹೆಡ್‌ಫೋನ್ ಇದ್ದರೆ ಓದಲು ಪಟ್ಟಣಕ್ಕೆ ಬಂದ ಹುಡುಗ ಅಪ್ಪನ ನಡೆಗಳನ್ನು ಮರೆಯದೆ ಸಾಧನೆ ಮಾಡಬಹುದು. ನನಗೆ ಈ ಕೆಲಸ ಬೇಕಾಗಿರುವುದೇ ಅದಕ್ಕಾಗಿ.

ಮೇಜಿನ ಮೇಲೆ ಮೂರು ಪ್ಯಾಡ್ ಇವೆ. ಒಂದರಲ್ಲಿ ಡಯೋಡ್ ಬ್ರಿಡ್ಜ್ ಇದೆ, ಇನ್ನೊಂದರಲ್ಲಿ 2.5 ವೋಲ್ಟಿನ ಜೋಡಣೆ, ಮೂರನೆಯದರಲ್ಲಿ ಎಫ್‌ಎಸ್‌ಆರ್. ಯಾವುದು ಯಾವುದು ಅಂತ ಚೀಟಿ ಹಚ್ಚಿಲ್ಲ. ಹಲಗೆಯವರು ಮೊದಲು ಬಂದು ಎಡಗೈಯಿಂದ ಬಾರಿಸಿ ನೋಡಿ, ನಿಮಗೆ ಒಪ್ಪಿದ್ದು ಯಾವುದು ಹೇಳಿ. ವಿದ್ಯಾರ್ಥಿಗಳು ಪರದೆಯ ಮೇಲಿನ ಅಂಕಿ ಬರೆದುಕೊಳ್ಳಿ. ಅಂಕಿ ಮತ್ತು ಕೈ ಬೇರೆ ಬೇರೆ ಹೇಳಿದರೆ ಪ್ಯಾಡ್ ಬಿಚ್ಚಿ ಇಲ್ಲೇ ನೋಡೋಣ, ಸ್ಕ್ರೂಡ್ರೈವರ್ ತಂದಿದ್ದೇನೆ.